ಛತ್ರಕ್ಕೊಂದು ಸಾಫ್ಟ್‌ವೇರ್

ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿದವನಿಗೆ ಒಂದು ಛತ್ರದ ಬುಕಿಂಗ್ ಸಾಫ್ಟ್‌ವೇರ್ ಯಾವ ಲೆಕ್ಕ? ಹೀಗೆಂದು ಎದೆ ತಟ್ಟಿಕೊಂಡವನು ನಾನೇ. ಗುಬ್ಬಿಯಲ್ಲಿ ಛತ್ರ ನಡೆಸುವ ನನ್ನ ಹೆಂಡತಿಯ ತಮ್ಮ ಲೋಕೇಶ ಸಾಫ್ಟ್‌ವೇರ್ ಬೇಕೆಂದು ಕೇಳಿರಲೇ ಇಲ್ಲ!

ಅವನದು ಕೆಂಪು ರಟ್ಟಿನ ರಿಜಿಸ್ಟರ್. ಗಟ್ಟಿಯಾದ ಮುಹೂರ್ತದ ಸಾಲಿಗೆ ಅರಿಶಿನ ಕುಂಕುಮ ಹಚ್ಚುತ್ತಾನೆ. ಹಚ್ಚಿದ ಮೇಲೆ ಮಂತ್ರಿ ಬಂದರೂ ಆ ದಿನ ಸಿಗದು.

"ಭಾವ, ನಿಮ್ಮ ಕಂಪ್ಯೂಟರ್‌ನಲ್ಲಿ ಕುಂಕುಮ ಎಲ್ಲಿ ಹಚ್ಚೋದು?"

"ಅದಕ್ಕೊಂದು ಬಟನ್ ಇಡ್ತೀನಿ ಕಣೋ!"

ಬಟನ್ ಇಡುವ ಮೊದಲು ಪ್ರೋಗ್ರಾಮಿಂಗ್ ಭಾಷೆ ಆರಿಸಬೇಕಲ್ಲ? ಮಾಹಿತಿ ಡೇಟಾಬೇಸಿನಲ್ಲಿ ಕೂತಿರುತ್ತದೆ. ಅದನ್ನು ತುಂಬುವ, ತೋರಿಸುವ ಪರದೆಯನ್ನು ಯಾವುದರಲ್ಲಿ ಬರೆಯುವುದು? ಜಾವಾ ಹಿಡಿದೆ. ಒಂದು ಹೆಸರು ತುಂಬಿಸಲು ಒಂದು ಪುಟ ಕೋಡ್! ಪೈಥಾನ್‌ಗೆ ಹಾರಿದೆ. ಬರೆಯಲು ಸಲೀಸು, ಆದರೆ ನಾನು ಮಾಡಿದ ಪರದೆಗೆ ಆಧಾರ್ ಕಾರ್ಡಿನ ಫೋಟೊದಷ್ಟೇ ಲಕ್ಷಣ. ಪಿಎಚ್‌ಪಿಗೆ ಬಂದೆ. "ಇನ್ನೂ ಅದ್ರಲ್ಲೇ ಇದೀರಾ ಸಾರ್?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ನಕ್ಕ. ಅವಮಾನವಾಗಿ ಸಿ ಶಾರ್ಪ್ ಶುರು ಮಾಡಿದೆ. ಐದು ತಿಂಗಳು ಕಳೆಯಿತು.

ಅಷ್ಟರಲ್ಲಿ ನಮ್ಮ ಮಗಳು ಮಾನಸಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಒಪ್ಪಿದ್ದು ಒಂದೇ ಭಾನುವಾರ. ಸೋದರಮಾವನ ಛತ್ರದಲ್ಲೇ ಆಗಬೇಕೆಂಬುದು ಅವಳ ಚಿಕ್ಕಂದಿನ ಆಸೆ.

"ರೀ, ಲೋಕೇಶಂಗೆ ಹೇಳಿ ದಿನ ಹಿಡ್ಸಿದ್ರಾ?" ಎಂದಳು ಹೆಂಡತಿ ಸುಜಾತ.

"ಬುಕ್ ಆಗಿದೆ ಬಿಡೇ!"

ಸುಳ್ಳಲ್ಲ. ದಿನ ಗೊತ್ತಾದ ರಾತ್ರಿಯೇ, ಪರದೆ ಕೆಲಸ ಮಾಡುತ್ತದೋ ಇಲ್ಲವೋ ನೋಡಲು, ನಾಲ್ಕೂ ಭಾಷೆಗಳಲ್ಲಿ ನಾನು ತುಂಬಿದ್ದು ಮಾನಸಳ ಹೆಸರು, ಅದೇ ಭಾನುವಾರ. ನಾಲ್ಕು ಸಲವೂ ಕುಂಕುಮದ ಬಟನ್ ಒತ್ತಿದೆ. ನಾಲ್ಕು ಸಲವೂ ಕೆಂಪು ಬೊಟ್ಟು ಮೂಡಿತು! ಆ ಖುಷಿಯಲ್ಲಿ ಲೋಕೇಶನಿಗೆ ಒಂದು ಫೋನ್ ಮಾಡುವುದನ್ನೇ ಮರೆತೆ.

ಅಡುಗೆಯವರ ವಿಚಾರ ಕೇಳಲು ಸುಜಾತ ತಮ್ಮನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

"ಅಯ್ಯೋ ಅಕ್ಕ, ಆ ಭಾನುವಾರ ಕುಣಿಗಲ್‌ನೋರಿಗೆ ಕುಂಕುಮ ಹಚ್ಬಿಟ್ಟೆ! ನೀವು ಒಂದ್ ಮಾತೂ ಆಡ್ಲಿಲ್ಲ, ನಿಮ್ಮೂರು ತುಮಕೂರಲ್ಲೇ ಮಾಡ್ತೀರಾ ಅಂದ್ಕೊಂಡೆ."

ಸುಜಾತ ಫೋನ್ ಇಟ್ಟು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಊರಿನ ಎಲ್ಲ ಛತ್ರ ಸುತ್ತಿದೆ. ಒಂದೂ ಖಾಲಿಯಿಲ್ಲ. ಕೊನೆಗೆ ಅಲ್ಲೇ ಶೆಟ್ಟಿಹಳ್ಳಿ ಬಡಾವಣೆಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮುಳ್ಳು ಕಡಿಸಿ ಶಾಮಿಯಾನ ಹಾಕಿಸಿದೆ. ಮಾನಸ ನನ್ನತ್ತ ತಿರುಗಿಯೂ ನೋಡದೆ ಬಂದು ಹಸೆಮಣೆಯ ಮೇಲೆ ಕೂತಳು.

"ಯಾಕೆ ಸಾರ್, ಛತ್ರ ಸಿಗ್ಲಿಲ್ವಾ?" ಊಟದ ಹೊತ್ತಿಗೆ ಬೀಗರ ಕಡೆಯ ಹಿರಿಯರೊಬ್ಬರು ಕೇಳಿದರು.

ನನಗಿಂತ ಮೊದಲು ಸುಜಾತ ಬಾಯಿ ಬಿಟ್ಟಳು.

"ಸಿಕ್ಕಿತ್ತು. ನಾಲ್ಕ್ ಸಲ ಸಿಕ್ಕಿತ್ತು. ಎಲ್ಲಾ ಇವ್ರ ಲ್ಯಾಪ್‌ಟಾಪಲ್ಲಿ."

ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು. ಕಂಪ್ಯೂಟರ್ ಮೇಷ್ಟ್ರು ಪಾಯಸದ ಬಕೆಟ್ ಎತ್ತಿಕೊಂಡು ಕೊನೆಯ ಪಂಕ್ತಿಯ ಕಡೆ ನಡೆದರು.