ಸಾಹೇಬರ ಕ್ಯಾಬಿನ್ನಿನ ಸರ್ವರ್

ಎರಡು ಕಂಪ್ಯೂಟರುಗಳಲ್ಲಿ ಯಾವುದು ಚುರುಕು ಎಂದು ಹೇಳಲು ನನಗೆ ಅರ್ಧ ಗಂಟೆ ಸಾಕು. ಅದನ್ನು ಮನುಷ್ಯರಿಗೆ ಒಪ್ಪಿಸಲು ಹೋದಾಗ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ನಾನು ತೆಲುಗು ಸೀಮೆಯ ಜೀಡಿಮೆಟ್ಲಾದ ಒಂದು ಔಷಧಿ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ನೋಡಿಕೊಳ್ಳುವುದೆಂದರೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಎ.ಸಿ. ಸೋರಿದರೂ, ಯಾರದೋ ಮೊಬೈಲು ಬಕೆಟ್ಟಿಗೆ ಬಿದ್ದರೂ ಕರೆಯುವುದು ನನ್ನನ್ನೇ.

ದೊಡ್ಡ ಡಬ್ಬಿ, ಸಣ್ಣ ಡಬ್ಬಿ

ಹೋದ ವರ್ಷ ಎರಡು ಹೊಸ ಯಂತ್ರಗಳು ಬಂದವು. ದೊಡ್ಡದು ಸರ್ವರ್, ಲ್ಯಾಬಿನವರೆಲ್ಲ ಒಟ್ಟಿಗೆ ಬಳಸಲಿಕ್ಕೆ. ಸಣ್ಣದು ಮಾಮೂಲಿ ಡೆಸ್ಕ್‌ಟಾಪ್, ಡಿಸ್ಪ್ಯಾಚ್ ವಿಭಾಗದ ಅಕ್ಕನಿಗೆ. ಅಕ್ಕ ನಮ್ಮ ವಿಜಯಪುರದ ಕಡೆಯವರು. ಅವರ ಹಳೆಯ ಕಂಪ್ಯೂಟರು ಸಂಜೆಯ ಸ್ಟಾಕ್ ಲೆಕ್ಕ ಮುಗಿಸುವಷ್ಟರಲ್ಲಿ ಐದೂವರೆಯ ಕಂಪನಿ ಬಸ್ಸು ಹೊರಟುಬಿಡುತ್ತಿತ್ತು. ಆಮೇಲೆ ಆಟೋ ಮೇಲೆ ಆಟೋ ಬದಲಿಸಿ ಅವರು ಮನೆ ಮುಟ್ಟುವವರೆಗೆ, ಎರಡನೇ ಕ್ಲಾಸಿನ ಮಗಳು ಪಕ್ಕದ ಮನೆಯ ಮೆಟ್ಟಿಲ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿರುತ್ತಿದ್ದಳು. ಒಮ್ಮೆ ನಾನೇ ಕಣ್ಣಾರೆ ಕಂಡೆ. ಆ ಡೆಸ್ಕ್‌ಟಾಪು ತರಿಸಲು ಎಲ್ಲರ ಬೆನ್ನು ಬಿದ್ದವನು ನಾನೇ.

ಡಬ್ಬಿಗಳನ್ನು ಇಳಿಸುವಾಗ ಜನರಲ್ ಮ್ಯಾನೇಜರ್ ಸಾಹೇಬರು ಬಂದರು. ಅವರು ಬಾಗಲಕೋಟೆಯವರು, ನಮ್ಮನ್ನು ಕನ್ನಡದಲ್ಲೇ ಬೈಯುವಷ್ಟು ಆತ್ಮೀಯರು. ನಮ್ಮ ಆಫೀಸಿನಲ್ಲಿ ಹುದ್ದೆ ಏರಿದಂತೆಲ್ಲ ಕುರ್ಚಿಯ ಬೆನ್ನೂ ಏರುತ್ತದೆ, ಮೇಜೂ ಅಗಲವಾಗುತ್ತದೆ. ಸಾಹೇಬರ ಕಣ್ಣು ನೇರ ದೊಡ್ಡ ಡಬ್ಬಿಯ ಮೇಲೆ ಬಿತ್ತು.

"ಇದು ಯಾರಿಗ್ರಿ?"

"ಲ್ಯಾಬಿಗ್ರಿ ಸರ್. ಎಲ್ಲಾರಿಗೂ ಕೂಡಿ."

"ಅವ್ರಿಗೆ ಇಷ್ಟು ದೊಡ್ಡದು, ಜಿ.ಎಂ.ಗೆ ಅದ ಹಳೇದು?"

ನಾನು ಬಿಡಿಸಿ ಹೇಳಿದೆ. ಸರ್ವರಿನ ಪ್ರೊಸೆಸರ್ ಎಂದರೆ ಮದುವೆಯ ಅಡುಗೆಮನೆ. ಅಡುಗೆಯವರು ಬಹಳ, ಒಬ್ಬೊಬ್ಬರ ಕೈ ಸ್ವಲ್ಪ ನಿಧಾನ, ಆದರೆ ಇಡೀ ಊರಿಗೆ ಊಟ ಹಾಕುತ್ತಾರೆ. ಡೆಸ್ಕ್‌ಟಾಪಿನಲ್ಲಿ ಅಡುಗೆಯವರು ಕೆಲವರೇ, ಆದರೆ ಕೈ ಚುರುಕು. "ನಿಮಗ ಬೇಕಾಗಿದ್ದು ಒಂದು ಕಪ್ ಚಹಾ ಸರ್. ಅದಕ್ಕ ಚುರುಕಿನವ ಒಬ್ಬ ಸಾಕು" ಎಂದೆ.

ಸಾಹೇಬರು ಗದ್ದ ತುರಿಸಿಕೊಂಡು ಯೋಚಿಸಿದರು. "ಆ ಒಂದು ಕಪ್ ಚಹಾನ ಎಲ್ಲಾ ಅಡಗಿಯವ್ರೂ ಕೂಡಿ ಮಾಡ್ಲಿ. ನನ್ನ ಕ್ಯಾಬಿನ್‌ನಾಗ ಇಡಸ್ರಿ."

ವಿಮಾನ

ಲ್ಯಾಬಿನವರು ಹಲ್ಲು ಕಚ್ಚಿಕೊಂಡು ಹಳೆಯದರಲ್ಲೇ ದಿನ ದೂಡಿದರು. ಸರ್ವರ್ ಇರಬೇಕಾದದ್ದು ಬಾಗಿಲು ಮುಚ್ಚಿದ ತಣ್ಣನೆಯ ಕೋಣೆಯಲ್ಲಿ. ಅದರ ಫ್ಯಾನುಗಳು ತಿರುಗತೊಡಗಿದರೆ ಪಕ್ಕದಲ್ಲಿ ಕೂತವನ ಮಾತೂ ಕೇಳಿಸುವುದಿಲ್ಲ. ಇದನ್ನು ನಾನು ಮೊದಲೇ ಹೇಳಿದ್ದೆ. ಸಾಹೇಬರಿಗೆ ಅದು ಗತ್ತಿನ ಸದ್ದಾಗಿ ಕೇಳಿಸಿತು.

ಮೊದಲ ದಿನವೇ ಮನೆಯಿಂದ ಅವರ ಹೆಂಡತಿಯ ಫೋನು ಬಂತು. ಸಾಹೇಬರು ಕಿರುಚುವುದು ನಮಗೆಲ್ಲ ಕೇಳುತ್ತಿತ್ತು.

"ಆಫೀಸ್‌ನಾಗ ಅದೀನಿ! ಏನು? ಸಪ್ಪಳಾ? ಕೇಳವಲ್ದು! ಆಮ್ಯಾಲೆ ಮಾತಾಡ್ತೀನಿ, ಈಗ ಇಡು!"

ಊಟದ ಹೊತ್ತು ದಾಟಿದ ಮೇಲೆ ಅವರ ಮನೆಯ ಡ್ರೈವರು ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಸೂಟ್‌ಕೇಸು. ಒಳಗೆ ಎರಡು ಜೊತೆ ಬಟ್ಟೆ, ಬಿ.ಪಿ. ಮಾತ್ರೆ, ಒಂದು ಸ್ವೆಟರು, ಚಪಾತಿಯ ಡಬ್ಬಿ. ಸಾಹೇಬರನ್ನು ಕಂಡು ಅವನಿಗೆ ಅಳುವೇ ಬರುವಂತಾಗಿತ್ತು. ತೆಲುಗಿನಲ್ಲಿ ಹೇಳಿದ: "ಶಂಶಾಬಾದ್ ಏರ್‌ಪೋರ್ಟೆಲ್ಲ ಹುಡುಕಿ ಬಂದೆ ಸಾರ್. ವಿಮಾನ ತಪ್ಪಿತಾ?"

ಪಂದ್ಯ

ಇತ್ತ ಅಕ್ಕ ದಿನಾ ಐದೂವರೆಯ ಬಸ್ಸು ಹತ್ತತೊಡಗಿದರು. ಮುಖದಲ್ಲಿ ಕಳೆ ಬಂತು. ಸಾಹೇಬರಿಗೆ ಮಾತ್ರ ಸಂಶಯ ಬಂತು. ಅವರು ಎಲ್ಲರಿಗಿಂತ ಕೊನೆಗೆ ಮನೆಗೆ ಹೋಗುವವರು. ಕಂಪನಿಯೆಂದರೆ ಅವರಿಗೆ ಪ್ರಾಣ ಎಂದು ನಾವೆಲ್ಲ ನಂಬಿದ್ದೆವು.

"ಸರ್ವರ್ ಇಟ್ಕೊಂಡು ನಾನ ಕತ್ತಲಾಗೂಮಟ ಕುಂದರ್ತೀನಿ. ಆಕಿ ಹೆಂಗ ಮುಗಸ್ತಾಳ? ಎರಡರ ಮ್ಯಾಗೂ ಒಂದ ಫೈಲ್ ಹಚ್ರಿ, ನೋಡೇಬಿಡೂಣು" ಎಂದರು.

ಸ್ಟಾಕಿನ ಲೆಕ್ಕ ಹಚ್ಚಿದೆ. ಅದರಲ್ಲಿ ಒಂದು ಸಾಲು ಮುಗಿದರೆ ಮಾತ್ರ ಮುಂದಿನ ಸಾಲು ಶುರು. ಹತ್ತು ಜನ ಕೈ ಹಚ್ಚುತ್ತೇವೆಂದರೂ ಹಚ್ಚುವ ಹಾಗಿಲ್ಲ, ಒಬ್ಬನೇ ಮಾಡಬೇಕು. ಅಕೌಂಟ್ಸಿನವರೆಲ್ಲ ಕೆಲಸ ಬಿಟ್ಟು ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. ಅತ್ತ ಅಕ್ಕನ ಲೆಕ್ಕ ಮುಗಿದು, ಅವರು ನೀರು ಕುಡಿದು ಬಂದರು. ಇತ್ತ ಸರ್ವರ್ ಇನ್ನೂ ಭೋರ್ ಎನ್ನುತ್ತಲೇ ಇತ್ತು.

ಒಳಗೆ ಏನು ನಡೆದಿದೆ ಎಂದು ತೋರಿಸುವ ಪರದೆಯನ್ನು ತೆರೆದೆ. ಪ್ರೊಸೆಸರಿನ ಒಂದೊಂದು ಭಾಗಕ್ಕೆ ಒಂದೊಂದು ಮನೆಯಂತೆ ಸಾಲು ಸಾಲು ಚೌಕ. ಒಂದೇ ಒಂದು ಚೌಕ ತುಂಬಿತ್ತು, ಉಳಿದವೆಲ್ಲ ಖಾಲಿ.

ಸಾಹೇಬರು ಕನ್ನಡಕ ಏರಿಸಿ ಗುಡುಗಿದರು: "ಒಬ್ಬವ ದುಡಿಯಾಕತ್ತಾನ! ಉಳಿದವ್ರೆಲ್ಲಾ ಏನ್ ಮಾಡಾಕತ್ತಾರ?"

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬರೂ ಇರಲಿಲ್ಲ. ಇಡೀ ಅಕೌಂಟ್ಸ್ ವಿಭಾಗ ತಂತಮ್ಮ ಕುರ್ಚಿಯಲ್ಲಿ ಕೂತು ಜೋರಾಗಿ ಟೈಪ್ ಮಾಡುತ್ತಿತ್ತು.

ಅದಲು ಬದಲು

ಮರುದಿನ ಮಧ್ಯಾಹ್ನ ಸಾಹೇಬರ ಅಪ್ಪಣೆಯಾಯಿತು. ಸಣ್ಣದು ಕ್ಯಾಬಿನ್ನಿಗೆ, ಅಕ್ಕನಿಗೆ ಮತ್ತೆ ಹಳೆಯದು. ಮೆಟ್ಟಿಲ ಮೇಲೆ ಕೂತ ಆ ಮಗುವೇ ಕಣ್ಣ ಮುಂದೆ ಬಂತು. "ಬ್ಯಾಡ್ರಿ ಸರ್" ಎಂದು ಎರಡು ಸಲ ಅಂದೆ. ಮೂರನೇ ಸಲ ಅನ್ನಲು ಧೈರ್ಯ ಸಾಲಲಿಲ್ಲ.

ಹೋಗಿ ಅಕ್ಕನಿಗೆ ಹೇಳಿದೆ. ಅವರ ಮುಖ ಬಾಡಿತು. ಆಮೇಲೆ ಸೆರಗು ಸರಿಪಡಿಸಿಕೊಂಡು ನೇರ ಕ್ಯಾಬಿನ್ನಿಗೆ ನಡೆದರು. ಹಿಂದೆಯೇ ನಾನೂ ಹೋದೆ. ಒಳಗೆ ಸರ್ವರ್ ಆಗಲೇ ಬಂದ್ ಆಗಿತ್ತು.

"ಕಂಪ್ಯೂಟರ್ ಒಯ್ರಿ ಸರ್, ನಾ ಏನೂ ಅನ್ನಂಗಿಲ್ಲ. ಒಂದು ಮಾತು ಕೇಳಬೇಕಾಗಿತ್ರಿ."

"ಹೇಳ್ರಿ ಅಕ್ಕಾರ."

"ಐತವಾರ ಭಜನಿಯೊಳಗ ನಿಮ್ಮ ಮನಿಯವ್ರು, ನಮ್ಮ ವೈನಿ, ಸಿಕ್ಕಿದ್ರು. ದಿನಾ ಸಂಜೀಕ ನಿಮಗ ಹಾಗಲಕಾಯಿ ರಸ ಕುಡಿಸಿ ಪಾರ್ಕ್‌ನಾಗ ನಡಸಬೇಕಂತ ಡಾಕ್ಟರು ಹೇಳ್ಯಾರಂತಲ್ರಿ? 'ರಸಾ ಹಿಂಡ್ಕೊಂಡು ಕುಂತಿರ್ತೀನಿ, ಇವ್ರು ಕಂಪ್ಯೂಟರ್ ಭಾಳ ನಿಧಾನ ಐತಿ ಅಂತ ದಿನಾ ತಡಾ ಮಾಡಿ ಬರ್ತಾರ' ಅಂತ ಅಳಾಕತ್ತಿದ್ರು."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಈ ಐತವಾರ ಮತ್ತ ಕೇಳ್ತಾರ್ರಿ. ನನಗ ಸುಳ್ಳು ಹೇಳಾಕ ಬರಂಗಿಲ್ಲ. ಸರ್‌ಗೆ ಭಾಳ ಚುರುಕಿಂದು ಬಂದೈತಿ, ಐದೂವರಿಗೆಲ್ಲಾ ಕೆಲಸ ಮುಗೀತೈತಿ ಅಂತ ಹೇಳ್ಲೇನ್ರಿ?"

ಕೊನೆಗೆ ಸಾಹೇಬರು ಬಹಳ ಮೃದುವಾಗಿ, "ಅದು ನಿಮ್ಮ ಮೇಜಿನ ಮ್ಯಾಗ ಇರ್ಲಿ ಅಕ್ಕಾರ. ಮಗಳು ದಾರಿ ಕಾಯ್ತಿರ್ತಾಳ, ಬಸ್ಸು ತಪ್ಪಿಸ್ಕೋಬ್ಯಾಡ್ರಿ" ಎಂದರು. ಅಕ್ಕ ಕೈಮುಗಿದು ಹೊರಬಿದ್ದರು. ನನಗೆ ಕುಣಿಯಬೇಕೆನಿಸಿತು.

ನಾನೂ ಹೊರಡುವಷ್ಟರಲ್ಲಿ ಸಾಹೇಬರು ಬಾಗಿಲು ಹಾಕಲು ಸನ್ನೆ ಮಾಡಿ ಹತ್ತಿರ ಕರೆದರು.

"ಈ ಸರ್ವರ್ ಲ್ಯಾಬಿಗೆ ಒಯ್ದುಬಿಡ್ರಿ. ಅಮೀರ್‌ಪೇಟ್‌ನಾಗ ಕೋಚಿಂಗ್ ಕ್ಲಾಸಿನವ್ರು ಹಳೇ ಕಂಪ್ಯೂಟರ್ ಮಾರ್ತಾರಂತಲ್ಲ?" ಎಂದವರು ದನಿ ಇನ್ನೂ ತಗ್ಗಿಸಿದರು. "ನೀವು ಬೇಕಾದಷ್ಟು ಹೊತ್ತು ತಗೋರಿ. ಎಲ್ಲಾ ಹಚ್ಚಿ ನೋಡಿ, ಪರೀಕ್ಷಾ ಮಾಡಿ, ಎಲ್ಲಾದಕ್ಕಿಂತ ನಿಧಾನಂದು ಯಾವುದೈತಿ, ಅದನ್ನ ಆರಿಸಿ ತರ್ರಿ."