ಮಡ್‌ಗಾರ್ಡಿನ ಮೇಲೆ ಬಿ.ಎ.

ನಮ್ಮ ಸೋದರಮಾವನ ಮೋಟಾರು ಕಾರು ಪೆಟ್ರೋಲಿನಿಂದ ಓಡುತ್ತಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಓಡುತ್ತಿದ್ದುದು ನಮ್ಮ ಮನೆಯ ಅಡಿಗೆ ಸಾಮಾನಿನಿಂದ!

ಮಾವ ದಂಡಿನಲ್ಲಿ, ಅಂದರೆ ಇಂಗ್ಲಿಷರ ಕಂಟೋನ್ಮೆಂಟಿನಲ್ಲಿ, ಒಬ್ಬ ದೊರೆಯ ಹತ್ತಿರ ಡ್ರೈವರಾಗಿದ್ದ. ಯುದ್ಧ ಶುರುವಾಗಿ ದೊರೆ ಹಡಗು ಹತ್ತುವಾಗ ತನ್ನ ಹಳೆಯ ಕಾರನ್ನು ಮಾವನಿಗೆ ಕೊಟ್ಟ. ಕೊಟ್ಟನೋ, ಬಿಸಾಡಿದನೋ, ಆ ದೊರೆಗೇ ಗೊತ್ತು. ಹಲಸೂರಿನ ನಮ್ಮ ಓಣಿಗೆ ಅದು ಬಂದು ನಿಂತ ದಿನದಿಂದ ಮನೆಯ ಯಾವ ವಸ್ತುವೂ ಇದ್ದ ಜಾಗದಲ್ಲಿ ಇರಲಿಲ್ಲ.

ಕಾರಿಗಿದ್ದ ರೋಗ ಒಂದೇ. ಹಿಂದಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತರುವ ತಾಮ್ರದ ಪೈಪು ಹಳೆಯದಾಗಿ ಸೀಳುತ್ತಿತ್ತು. ಹೊಸದೊಂದು ಹಾಕಿದರೆ ಮುಗಿಯಿತಲ್ಲವೆ? ನೀವು, ನಾನು ಹಾಗೆ ಯೋಚಿಸುತ್ತೇವೆ. ಮಾವ ಯೋಚಿಸುವ ಜಾತಿಯವನಲ್ಲ!

ಮೊದಲ ಸಲ ಸೀಳಿದಾಗ ಅವನು ಸೀದಾ ಅಡಿಗೆಮನೆಗೆ ಬಂದು ನನ್ನ ತಟ್ಟೆಯಲ್ಲಿದ್ದ ಮುದ್ದೆಯನ್ನು ಅರ್ಧ ಮುರಿದುಕೊಂಡು ಹೋದ. ಪೈಪಿಗೆ ಮೆತ್ತಿ ಮೇಲೆ ಚಿಂದಿ ಸುತ್ತಿದ.

"ಅದು ಅಲ್ಲಿ ನಿಲ್ಲಲ್ಲ ಮಾವ," ಎಂದೆ.

"ಹೊಟ್ಟೇಲಿ ಸಾಯಂಕಾಲದ ತನ್ಕ ನಿಲ್ಲುತ್ತೆ, ಪೈಪಲ್ಲಿ ನಿಲ್ಲಲ್ವಾ? ಏನೋ ಓದ್ತೀಯ ನೀನು ಕಾಲೇಜಲ್ಲಿ?"

ನಿಂತಿತು, ಸ್ವಾಮಿ! ಪಕ್ಕದ ಮನೆಯ ಮೇಕೆ ಕಾರಿನ ಕೆಳಗೆ ನುಗ್ಗಿ ಅದನ್ನು ಚಿಂದಿಸಮೇತ ತಿನ್ನುವ ತನಕ ನಿಂತಿತು. ಮೇಕೆಯ ಒಡತಿ ಜಗಳಕ್ಕೆ ಬಂದಳು. "ನಮ್ ಮೇಕೆ ಬಾಯೆಲ್ಲಾ ಸೀಮೆಣ್ಣೆ ವಾಸ್ನೆ!" ಮಾವ ಬಹಳ ಗಂಭೀರವಾಗಿ ತಿದ್ದಿದ: "ಸೀಮೆಣ್ಣೆ ಅಲ್ಲಮ್ಮ, ಪೆಟ್ರೋಲು. ರೇಷನ್ ಕೂಪನ್ ಇಲ್ದೆ ಸಿಗಲ್ಲ."

ಎರಡನೆಯ ಸಲ ಹೋದದ್ದು ಅಮ್ಮ ಹಬ್ಬಕ್ಕೆಂದು ಎತ್ತಿಟ್ಟಿದ್ದ ವಾಸನೆ ಸೋಪು. ಅದನ್ನು ನಾದಿ ಸೀಳಿಗೆ ಒತ್ತಿದ. ಮಳೆ ಬಂದ ದಿನ ಕಾರು ಹೊಟ್ಟೆಯಡಿಯಿಂದ ನೊರೆ ಸುರಿಸುತ್ತಾ ಓಣಿಯೊಳಗೆ ಬಂತು. ಹುಚ್ಚು ಹಿಡಿದಿದೆಯೆಂದು ಜನ ಬಾಗಿಲು ಹಾಕಿಕೊಂಡರು. ತನ್ನ ತಮ್ಮ ಏನು ಮಾಡಿದರೂ ಅಮ್ಮನಿಗೆ ಸರಿಯೇ. ಅಪ್ಪ ಹೋದಮೇಲೆ ನಮ್ಮನ್ನು ನೋಡಿಕೊಂಡವನು ಅವನೊಬ್ಬನೇ ತಾನೆ? ಆದರೆ ಅದಕ್ಕೆಂದು ಸೋಪನ್ನೂ ಬಿಟ್ಟುಕೊಡಬೇಕೆ?

ಇಷ್ಟನ್ನೂ ಸಹಿಸಿದೆ. ಸಹಿಸಲಾಗದ್ದು ನನ್ನ ಗೌನಿನ ದಿನ ನಡೆದದ್ದು.

ನಮ್ಮ ವಂಶದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಜಂಬವೆಂದರೆ ಜಂಬ ಅನ್ನಿ, ಅಡ್ಡಿಯಿಲ್ಲ. ಅಮ್ಮ ದಂಡಿನ ಬೀದಿಗಳಲ್ಲಿ ಸೊಪ್ಪು ಮಾರುತ್ತಿದ್ದಳು. ಬೆಳಗಿನ ಜಾವ ಅವಳ ಜೊತೆ ಕೂತು ದಂಟಿನ ಸೊಪ್ಪಿನ ಕಂತೆ ಕಟ್ಟುತ್ತಾ ಅರ್ಥಶಾಸ್ತ್ರ ಬಾಯಿಪಾಠ ಮಾಡಿ ಪಾಸಾದವನು ನಾನು. ಗೌನು ತೊಟ್ಟು ಅಮ್ಮನ ಪಕ್ಕ ನಿಂತು ಒಂದು ಫೋಟೋ ತೆಗೆಸಬೇಕು, ಅಷ್ಟೇ ನನ್ನ ಆಸೆ. ಗೌನು ನನ್ನ ಮೇಷ್ಟರದು. ಅವರು ಅದೇ ಸಾಯಂಕಾಲದ ರೈಲಿಗೆ ಊರಿಗೆ ಹೊರಡುವವರು, ಅಷ್ಟರೊಳಗೆ ಅದು ವಾಪಸು ಹೋಗಬೇಕು. ದಂಡಿನ ಬ್ಲಾಕ್‌ಪಲ್ಲಿ ಪೇಟೆಯ ಫೋಟೋದವನೋ ಮಾಡಿನ ಗಾಜಿನಿಂದ ಬೀಳುವ ಬಿಸಿಲಲ್ಲೇ ಫೋಟೋ ತೆಗೆಯುವವನು. ಹೊತ್ತು ಇಳಿದರೆ ಕೆಟ್ಟಿತು!

ನಾನು ಗೌನು ತೊಟ್ಟು ಹೊರಗೆ ಬಂದೆ. ಮಾವ ಬಾನೆಟ್ಟಿನಿಂದ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಆಮೇಲೆ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಸ್ವಲ್ಪ ಹೊತ್ತಿಗೆ "ಥತ್! ಪೈಪು ಹೋಯ್ತು!" ಎಂದ.

"ಈಗಲಾ! ನಡ್ಕೊಂಡು ಹೋಗ್ತೀವಿ ಬಿಡು ಮಾವ."

"ಬಿ.ಎ. ನಡೆಯೋದುಂಟೇನೋ? ಬಾ, ಮಡ್‌ಗಾರ್ಡ್ ಮೇಲೆ ಕೂತ್ಕೊ."

ಹಾರನ್ನಿನ ರಬ್ಬರು ಕೊಳವೆಯನ್ನು ಕಿತ್ತ. ಒಂದು ಕೊನೆಯನ್ನು ಎಂಜಿನ್ನಿಗೆ ಸಿಕ್ಕಿಸಿದ. ಇನ್ನೊಂದನ್ನು ಪೆಟ್ರೋಲು ತುಂಬಿದ ಡಬ್ಬದ ತೂತಿಗೆ ಸಿಕ್ಕಿಸಿ ಡಬ್ಬವನ್ನು ನನ್ನ ಕೈಗೆ ಕೊಟ್ಟ. ಡಬ್ಬ ಮೇಲಿದ್ದರೆ ಪೆಟ್ರೋಲು ತಾನಾಗಿ ಕೆಳಗಿಳಿಯುತ್ತದಂತೆ! ಅಮ್ಮ ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ಪದವೀಧರನಾದ ನಾನು ಮಡ್‌ಗಾರ್ಡಿನ ಮೇಲೆ ಕೂತೆ. ಇದು ನ್ಯಾಯವೆ?

ಹಾರನ್ನು ಹೋದಮೇಲೆ ದಾರಿಯಲ್ಲಿ ಜನ ಸರಿಯಬೇಕಲ್ಲ? ಮಾವ ಕಿಟಕಿಯಿಂದ ತಲೆ ಹೊರಹಾಕಿ ಕೂಗತೊಡಗಿದ: "ಬೀ...ಯೇ! ಬೀ...ಯೇ!" ಹಲಸೂರು ಕೆರೆಯ ಪಕ್ಕದಲ್ಲಿ ಆಡುತ್ತಿದ್ದ ಮಕ್ಕಳೆಲ್ಲ "ಬ್ಯಾ, ಬ್ಯಾ" ಎಂದು ಮೇಕೆಗಳಂತೆ ಉತ್ತರ ಕೊಟ್ಟವು. ಅಷ್ಟು ವರ್ಷ ಓದಿದ್ದು ಇದಕ್ಕಾಗಿಯೆ?

ಕೆರೆಯ ದಂಡೆ ಹಿಡಿದು ನೇರ ಹೋಗಿದ್ದರೆ ಬ್ಲಾಕ್‌ಪಲ್ಲಿ ಏನು ಮಹಾ ದೂರ! ಇವನು ಕಾಕ್ಸ್ ಟೌನಿನ ಕಡೆಗೆ ತಿರುಗಿಸಿದ.

"ಯಾಕೆ ಮಾವ ಈ ಸುತ್ತು? ಹೊತ್ತಾಗ್ತಿದೆ!"

"ಆ ಕಡೆ ದಿಣ್ಣೆ ಕಣೋ. ಎಂಜಿನ್‌ಗೆ ದಣಿವಾಗುತ್ತೆ."

ಒಂದು ದೊಡ್ಡ ಮನೆಯ ಗೇಟಿನ ಮುಂದೆ ಕಾರು ನಿಂತಿತು. "ಪೆಟ್ರೋಲ್ ಇಳೀತಿಲ್ಲ! ಎದ್ದು ನಿಂತ್ಕೊ! ಡಬ್ಬ ಎತ್ತು! ಇನ್ನೂ ಮೇಲೆ!" ನಾನು ಮಡ್‌ಗಾರ್ಡಿನ ಮೇಲೆ ಎದ್ದು, ಎರಡೂ ಕೈಯಲ್ಲಿ ಡಬ್ಬವನ್ನು ತಲೆಯ ಮೇಲೆ ಹಿಡಿದು, ಗಾಳಿಗೆ ಗೌನು ಹಾರಿಸುತ್ತಾ ನಿಂತೆ. ಒಳಗಿನಿಂದ ಮನೆಯಾಕೆ ಬಂದು ನನ್ನನ್ನು ನೋಡಿದಳು. ಆಮೇಲೆ ಕಾರಿನೊಳಗೆ ಇಣುಕಿದಳು.

"ಅಯ್ಯೋ, ಕೀರೆಯಮ್ಮಾ! ಎನ್ನಮ್ಮಾ ಇದು?"

ಕೀರೆ ಎಂದರೆ ತಮಿಳಿನಲ್ಲಿ ಸೊಪ್ಪು, ಎನ್ನ ಎಂದರೆ ಏನು. ದಂಡಿನಲ್ಲಿ ಅಮ್ಮನಿಗೆ ಬೇರೆ ಹೆಸರೇ ಇರಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಮಾವ ಎದೆಯುಬ್ಬಿಸಿ ಹೇಳಿದ: "ಇವತ್ತು ಕೀರೆ ಇಲ್ಲಮ್ಮ. ಬಿ.ಎ. ಇದೆ!"

ಕೇಳಿದಿರಾ? ಕಂತೆ ಕಟ್ಟಿ ತಂದ ಹಾಗೆ!

ಅಲ್ಲಿಂದ ಹೊರಟ ಕಾರು ಫ್ರೇಜರ್ ಟೌನಿನ ಒಂದು ಮೂಲೆಯಲ್ಲಿ ನಿಂತಿತು. ಮಸೀದಿಯ ರಸ್ತೆಯಲ್ಲಿ ನಿಂತಿತು. ನಿಂತಾಗಲೆಲ್ಲ "ಎದ್ದೇಳು! ಡಬ್ಬ ಎತ್ತು!" ಒಬ್ಬ ಮುದುಕ ಸಾಹೇಬರು ಜಗುಲಿಯಿಂದ ಇಳಿದು ಬಂದು, "ಕ್ಯಾ ಭಾಯ್, ಸರ್ಕಸ್ ಕಂಪನಿಯಾ?" ಎಂದು ಕೇಳಿದರು. ಅಷ್ಟರಲ್ಲಿ ಅಮ್ಮನನ್ನು ಕಂಡು, "ಅರೇ, ನಮ್ ಸೊಪ್ಪಮ್ಮ! ಇವ್ನು ನಿಮ್ ಬೇಟಾ ಏನಮ್ಮ? ವಕೀಲನಾ?" ಎಂದರು. "ವಕೀಲಿಗೂ ಮುಂಚೆ ಓದೋದು ಸಾಬ್, ಬಿ.ಎ.!" ಎಂದ ಮಾವ. ಸಾಹೇಬರು ಎರಡೂ ಕೈಯೆತ್ತಿ ನನಗೆ ದುವಾ ಮಾಡಿ ಹರಸಿದರು. ನನ್ನ ಎರಡೂ ಕೈಯಲ್ಲಿ ಡಬ್ಬವಿತ್ತು, ಒಂದು ಸಲಾಮು ಕೂಡ ಹೇಳಲಾಗಲಿಲ್ಲ.

ಬಿಸಿಲು ಇನ್ನೇನು ಗಾಜಿನಿಂದ ಜಾರುವ ಹೊತ್ತಿಗೆ ಫೋಟೋ ಆಯಿತು. ಅದರಲ್ಲಿ ನಾನು ಹುಬ್ಬು ಗಂಟಿಕ್ಕಿದ್ದೇನೆ. ನೋಡಿದವರೆಲ್ಲ "ಎಂಥಾ ಗಾಂಭೀರ್ಯ!" ಅನ್ನುತ್ತಾರೆ. ಗಾಂಭೀರ್ಯವಲ್ಲ ಅದು, ಸಿಟ್ಟು! ಗೌನನ್ನು ಕೈಗೆ ತೆಗೆದುಕೊಂಡ ಮೇಷ್ಟರು ಎರಡು ಸಲ ಮೂಸಿ, "ಪದವಿ ಪಡೆದದ್ದೆಲ್ಲಪ್ಪ, ಗರಾಜಿನಲ್ಲೋ?" ಎಂದರು.

ಮನೆಗೆ ಬಂದವನೇ ಕೂಗಾಡಿದೆ. "ಮಾವ, ಆ ಪೈಪು ಹೊಸದು ಹಾಕೋ ತನಕ ನಿನ್ನ ಗಾಡಿ ಮುಟ್ಟಲ್ಲ! ಊರೆಲ್ಲ ನನ್ನ ಮಾನ ಹರಾಜು ಹಾಕ್ಬಿಟ್ಟೆ!"

ಮಾವ ಸ್ಪಾನರು ಹಿಡಿದು ಬಾನೆಟ್ಟಿನೊಳಗೆ ಬಗ್ಗಿದ. ಅಮ್ಮ ನಾಳೆಯ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು.

"ಹೊಸ ಪೈಪು ಬೆಳಗ್ಗೆನೇ ಹಾಕಿದ್ದ ಕಣೋ," ಎಂದಳು.

"ಮತ್ತೆ?"

"ನೀನು ಗೌನು ಹಾಕ್ಕೊಂಡು ಹೊರಗೆ ಬಂದೆ ನೋಡು, ಆಗ ಬಿಚ್ಚಿದ. ನಾನು ಬಾಗಿಲಲ್ಲೇ ಇದ್ನಲ್ಲ."

ಬಾನೆಟ್ಟಿನೊಳಗಿಂದ ಮಾವನ ದನಿ ಬಂತು: "ಒಳಗೆ ಕೂತಿದ್ರೆ ಯಾರಿಗೆ ಕಾಣ್ತಿದ್ಯೋ ನೀನು?"

ಕಾರು ನಿಂತ ಜಾಗಗಳು ಒಂದೊಂದಾಗಿ ನೆನಪಾದವು. ಆ ಗೇಟು, ಆ ಮೂಲೆ, ಸಾಹೇಬರ ಆ ಜಗುಲಿ. ದಿನಾ ಬೆಳಗ್ಗೆ ಅಮ್ಮ ತಲೆಯಿಂದ ಬುಟ್ಟಿ ಇಳಿಸುತ್ತಿದ್ದ ಜಾಗಗಳು ಅವು. ಒಂದನ್ನೂ ಮಾವ ಬಿಟ್ಟಿರಲಿಲ್ಲ.

ಮಾರನೆಯ ದಿನ ಅಮ್ಮ ಎಂದಿನಂತೆ ಬುಟ್ಟಿ ಹೊತ್ತು ಹೋದಳು. ಖಾಲಿ ಬುಟ್ಟಿಯೊಡನೆ ಬಂದವಳು ಒಳಗೂ ಬರದೆ ಕಾರಿನ ಹತ್ತಿರ ನಿಂತಳು. ಮಾವ ಗಾಜು ಒರೆಸುತ್ತಿದ್ದ.

"ತಮ್ಮಾ, ಇವತ್ತು ಯಾರೂ ನನ್ನ ಕೀರೆಯಮ್ಮ ಅನ್ನಲಿಲ್ಲ ಕಣೋ."

"ಮತ್ತೇನಂದ್ರಕ್ಕ?"

ಅಮ್ಮ ನಾಚಿಕೊಂಡು, ಮೆಲ್ಲನೆ ಹೇಳಿದಳು:

"ಬೀಯೇಯಮ್ಮ."