ಮಾವನ ನಿದ್ದೆ, ಅಮ್ಮನ ಕಿಡ್ನಿ

ನನ್ನ ಸೋದರಮಾವನಷ್ಟು ಕಷ್ಟಪಟ್ಟು ನಿದ್ದೆ ಮಾಡುವ ಇನ್ನೊಬ್ಬರನ್ನು ಇಡೀ ಮಂಗಳೂರಿನಲ್ಲಿ ತೋರಿಸಿ, ಬಂಗುಡೆ ಊಟ ನನ್ನ ಕಡೆಯಿಂದ!

ಬೋಳಾರದಲ್ಲಿ ಹೋಟೆಲು ಇಟ್ಟಂದಿನಿಂದ ಈ ಮನುಷ್ಯ ನೆಟ್ಟಗೆ ಮಲಗಿದ್ದನ್ನು ಕಂಡವರಿಲ್ಲ. ಕೋಳಿಗಿಂತ ಮುಂಚೆ ಎದ್ದು ಬನ್ಸಿನ ಹಿಟ್ಟಿನ ಜೊತೆ ಕುಸ್ತಿ. ಅಂಥವರು ಈಗ ಕೆಲವು ವಾರಗಳಿಂದ ದಿಂಬಿಗೆ ಅಂಟಿಕೊಂಡಿದ್ದಾರೆ. ಅದೂ ಯಾವಾಗ? ನನ್ನ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ನಡೆಯುತ್ತಿರುವಾಗ! ಕಿಡ್ನಿ ಕೊಡುವವರಿದ್ದರೆ ಟೆಸ್ಟಿಗೆ ಬನ್ನಿ ಎಂದರು ಡಾಕ್ಟರು. ನನ್ನನ್ನು ಶುಗರ್ ನೋಡಿಯೇ ವಾಪಸು ಕಳಿಸಿದರು. ಉಳಿದದ್ದು ಅಮ್ಮನ ಒಬ್ಬನೇ ತಮ್ಮ, ಈ ಮಾವ. ಕೇಳಿದರೆ ಒಂದೇ ಉತ್ತರ: “ಈಗ ಬೇಡ. ಸ್ವಲ್ಪ ನಿದ್ದೆ ಆಗ್ಲಿ.”

ಇದೆಂಥ ಉತ್ತರ? ನನಗಂತೂ ತಲೆಬುಡ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಹೋಟೆಲಿನ ಶಟರ್ ಎಳೆದು ಒಳಗೇ ಮಲಗಿಬಿಟ್ಟರು. ಮೂಲೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದ ಗಿರಾಕಿಯನ್ನು ನೋಡಲೇ ಇಲ್ಲ! ಆ ಪುಣ್ಯಾತ್ಮ ಸ್ವಲ್ಪ ಹೊತ್ತು ಕೂಗಿ, ಇನ್ನೊಂದು ಪ್ಲೇಟ್ ತಾನೇ ಹಾಕಿಕೊಂಡು ತಿಂದು, ಬೆಂಚಿನ ಮೇಲೆ ಉರುಳಿದನಂತೆ. ಸಂಜೆ ಇಬ್ಬರೂ ಒಟ್ಟಿಗೆ ಎದ್ದು ಚಾ ಕುಡಿದರು.

ಆಮೇಲೆ ಯಾರೋ ಕಿಡ್ನಿಗೆ ನೀರು ಒಳ್ಳೆಯದು ಎಂದರು. ಮಾವ ಚೊಂಬುಗಟ್ಟಲೆ ಕುಡಿದರು. ಕುಡಿದರೆ ಏಳಬೇಕು, ಎದ್ದರೆ ನಿದ್ದೆ ಹೋಯಿತು! “ನೀರು ಕುಡಿಯುವುದಾ, ಮಲಗುವುದಾ, ಒಂದು ಡಿಸೈಡ್ ಮಾಡಿ ಹೇಳು ಮಾರಾಯ್ತಿ,” ಎಂದು ನನಗೆ ಫೋನು. ನನಗೆ ಉರಿದುಹೋಯಿತು. ಅಲ್ಲಿ ಇವರ ಅಕ್ಕ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಳೆ, ಇವರಿಗೆ ತಮ್ಮದೇ ಕಿಡ್ನಿಯ ಚಿಂತೆ!

ಉರ್ವದ ನಮ್ಮ ಮನೆಯಿಂದ ಸ್ಕೂಟರ್ ಓಡಿಸಿಕೊಂಡು ಹೋಗಿ ಎಬ್ಬಿಸಿದೆ. ಹೆದರಿಕೆಯಾದರೆ ಆಗುವುದಿಲ್ಲ ಎಂದೇ ಹೇಳಿಬಿಡಿ, ಅಮ್ಮನಿಗೆ ಸುಳ್ಳು ಆಸೆ ಬೇಡ ಎಂದೆ.

ಮಾವ ಕಣ್ಣುಜ್ಜಿಕೊಂಡರು. “ಹೆದರಿಕೆ ಉಂಟು. ನಿದ್ದೆ ಕಡಿಮೆಯಾದ್ರೆ ಕಿಡ್ನಿ ಹಾಳಾಗ್ತದೆ ಅಂತ ವಾಟ್ಸಾಪಿನಲ್ಲಿ ಬಂತು. ನಾನು ಜನ್ಮದಲ್ಲಿ ಸರಿ ಮಲಗಿದವನಲ್ಲ. ಈಗ ಹೋಗಿ ಫೇಲ್ ಆದ್ರೆ ಅಕ್ಕನಿಗೆ ಬೇರೆ ಯಾರುಂಟು?”

ಮಕ್ಕಳು ಪರೀಕ್ಷೆಗೆ ಓದಿದ ಹಾಗೆ ಮಲಗುತ್ತಿದ್ದರು ಮಾರಾಯ್ರೆ!

ಇದನ್ನು ಹೇಳಿದರೆ ಡಾಕ್ಟರು ನಗಲಿಲ್ಲ. ದಿನಾ ಚೆನ್ನಾಗಿ ನಿದ್ದೆ ಮಾಡುವುದು ಒಳ್ಳೆಯದೇ, ಆದರೆ ಹಳೆಯ ಬಾಕಿಯನ್ನು ಹೀಗೆ ತೀರಿಸಲಿಕ್ಕಾಗುವುದಿಲ್ಲ, ಟೆಸ್ಟಿಗೆ ಬನ್ನಿ ಎಂದರು.

ಟೆಸ್ಟಿನ ದಿನ ಬೆಳಿಗ್ಗೆ ಲ್ಯಾಬಿನ ಹೊರಗೆ ಮಾವನ ಕಣ್ಣು ಗೂಬೆಯ ಹಾಗೆ ತೆರೆದೇ ಇತ್ತು. ಕರೆಯುವವರೆಗೆ ಮಲಗು ಎಂದರು ಅಮ್ಮ.

“ಪರೀಕ್ಷೆಯ ದಿನ ಯಾರಾದ್ರೂ ಮಲಗ್ತಾರಾ ಅಕ್ಕ?”

ಅಮ್ಮ ಪಟ್ಟಿ ಕಟ್ಟಿದ ಕೈಯಲ್ಲೇ ಅವರ ತಲೆಯನ್ನು ಹೆಗಲಿಗೆ ಎಳೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಗೊರಕೆ. ನರ್ಸ್ ಬಂದು ಮಾವನ ಹೆಸರು ಕರೆದರು. ಇಷ್ಟು ದಿನ ಈ ಕರೆಗಾಗಿಯೇ ಕಾದಿದ್ದ ನನ್ನ ಅಮ್ಮ ತುಟಿಗೆ ಬೆರಳಿಟ್ಟು ಪಿಸುಗುಟ್ಟಿದರು:

“ಬೇರೆಯವರನ್ನು ಕರೀರಿ ಸಿಸ್ಟರ್. ಇವನು ಈಗಷ್ಟೇ ಮಲಗಿದ್ದು.”